ಭಾನುವಾರ ಉಣಿಸುವವಳು

ಭಾನುವಾರ ನನ್ನ ಪಾಳಿ.
ತಾರ್ತುವಿನ ಬೀದಿಯಲ್ಲಿ ಯಾರೋ ಹಿಮ ಗೋರುವ ಸದ್ದು
ಬಿಟ್ಟರೆ ಊರಿಗೆ ಊರೇ ಹೊದ್ದು ಮಲಗಿದೆ.
ಬೀಗ ತೆಗೆದು, ದೀಪ ಹಾಕಿ, ಕೋಟು ಬದಲಿಸಿ
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯ ಮುಂದೆ ನಿಲ್ಲುತ್ತೇನೆ.
ಒಳಗೆ ಹಸಿದಿದ್ದಾರೆ.

ಹಸಿದಿವೆ, ಅನ್ನಬೇಕು.
ವ್ಯಾಕರಣ ಗೊತ್ತು ನನಗೆ.

ಹದಿನೇಳನೇ ತಟ್ಟೆ:
ಗುಲಾಬಿ ನೀರಲ್ಲಿ ತೇಲುವ ಉಂಡೆಗಳು,
ಗಸಗಸೆಗಿಂತ ಸಣ್ಣವು,
ಗಾಜಿಗೂ ಅಂಟದೆ ತಳಕ್ಕೂ ಅಂಟದೆ
ಒಂದನ್ನೊಂದು ಮಾತ್ರ ಬಿಗಿಯಾಗಿ ಹಿಡಿದುಕೊಂಡವು.
ಹೆಸರು ಬರೆಯುವಂತಿಲ್ಲ, ಸಂಖ್ಯೆ ಸಾಕು.
ಆದರೆ ಶಸ್ತ್ರಚಿಕಿತ್ಸೆಯ ಕೋಣೆಯಿಂದ
ಆ ಬಿಸಿ ಶೀಶೆಯನ್ನು ಎದೆಗೊತ್ತಿ ತಂದವಳು ನಾನೇ;
ಚೀಟಿಯ ಮೇಲಿನ ಹೆಸರನ್ನು ಕಣ್ಣು ಓದಿಬಿಟ್ಟಿತ್ತು.
ಫೆದೋತ್. ಪೇಯ್ಪ್ಸಿ ಸರೋವರದ ಮೀನುಗಾರ. ಐವತ್ತೊಂದು.

ಅವನು ಹೋಗಿ ಎರಡು ಚಳಿಗಾಲ ಕಳೆದ ಮೇಲೆ
ತಂಗಿ ಉಲ್ಯಾನಾ ಬಂದಳು,
ಗದ್ದದಡಿ ಪಿನ್ನು ಚುಚ್ಚಿದ ತಲೆವಸ್ತ್ರ,
ಕೈಯಲ್ಲಿ ಜಡೆ ಹೆಣೆದ ಈರುಳ್ಳಿ.
ನನ್ನದು ಶಾಲೆಯಲ್ಲಿ ಕಲಿತ ಕುಂಟು ರಷ್ಯನ್.
ತೋರಿಸಬಾರದಿತ್ತು. ತೋರಿಸಿದೆ.
ಸೂಜಿಗೆ ದಾರ ಪೋಣಿಸುವವಳಂತೆ
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

'ಇದು ಅವನೇ?'
ಅಲ್ಲ, ಅಂದೆ. ಅವನನ್ನು ಕೊಂದದ್ದು.
ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಕಣ್ಣಿಗೆ ಕಂಡದ್ದನ್ನೆಲ್ಲ ವೈದ್ಯರು ತೆಗೆದಿದ್ದರು.
ಆರು ವಾರ ಕಿರಣ, ಆಮೇಲೆ ಗುಳಿಗೆ, ವಾಂತಿ, ಗುಳಿಗೆ.
ಒಂಬತ್ತನೇ ತಿಂಗಳು ಮರಳಿ ಬಂತು,
ಹಳೆಯ ಜಾಗದಿಂದ ಒಂದು ಬೆರಳು ಆಚೆ.
ಗಡ್ಡೆಯೊಳಗೆ ಎಲ್ಲವೂ ಒಂದೇ ಅಲ್ಲ ನೋಡಿ,
ಎಂದು ವಿವರಿಸಲು ಹೊರಟೆ.
ಕೆಲವು ಮಾತ್ರ ತಾಯಿಗಳು, ಕಾಂಡಕೋಶಗಳು.
ಔಷಧ ಹುಡುಕುವುದು ಎರಡಾಗುತ್ತಿರುವವನ್ನು,
ಓಡುವ ಮೊಲವನ್ನು ನಾಯಿ ಹುಡುಕಿದಂತೆ.
ಇವು ಓಡುವುದೇ ಇಲ್ಲ. ಮಲಗುತ್ತವೆ.
ಒಳಹೊಕ್ಕ ವಿಷವನ್ನು
ತೂತುದೋಣಿಯ ನೀರಿನಂತೆ ಮೊಗೆದು ಮೊಗೆದು ಚೆಲ್ಲುತ್ತವೆ,
ಕಡಿದ ಎಳೆಗಳನ್ನು ಕತ್ತಲಲ್ಲೇ ಗಂಟು ಹಾಕಿಕೊಳ್ಳುತ್ತವೆ,
ಮತ್ತೆ ಮಲಗುತ್ತವೆ.

ಉಲ್ಯಾನಾ ನಕ್ಕಳು.
ಆ ಕೋಣೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

'ಅಪ್ಪ ಬೆಲ್ಟು ಬಿಚ್ಚಿದರೆ ನಾವು ನಾಲ್ವರೂ ಓಡುತ್ತಿದ್ದೆವು.
ಓಡಿದವರಿಗೆ ಬೀಳುತ್ತಿತ್ತು.
ಫೆದೋತ್ ಮಾತ್ರ ಒಲೆಯ ಅಟ್ಟದ ಮೇಲೆ
ಬಿತ್ತನೆ ಈರುಳ್ಳಿಯ ಬುಟ್ಟಿಗಳ ನಡುವೆ
ಉಸಿರು ಕೂಡ ಕೇಳದ ಹಾಗೆ ಬಿದ್ದಿರುತ್ತಿದ್ದ.
ಅಪ್ಪನ ಗೊರಕೆ ಶುರುವಾದ ಮೇಲೆ ಇಳಿದು ಬಂದು
ನಮ್ಮ ಪಾಲಿನ ರೊಟ್ಟಿಯನ್ನೂ ತಿಂದುಬಿಡುತ್ತಿದ್ದ, ಕಳ್ಳ.'

ಆಮೇಲೆ ಕೇಳಿದಳು:
'ಎಬ್ಬಿಸಿದರೆ?'

ಮೂರನೇ ಮಹಡಿಯಲ್ಲಿ ನಾಲ್ಕು ವರ್ಷದಿಂದ
ಇದೇ ಪ್ರಶ್ನೆಗೆ ಸಂಬಳ ಪಡೆಯುತ್ತಿದ್ದಾರೆ ಎಂದು ಹೇಳಲಿಲ್ಲ.
ಎಬ್ಬಿಸಿ ಹೊಡೆದರೆ ಕೆಲವು ಸಾಯುತ್ತವೆ, ಅಂದೆ.
ಕೆಲವು ಕಣ್ಣು ಬಿಟ್ಟು ನೋಡಿ
ಮಗ್ಗುಲು ಬದಲಿಸುತ್ತವೆ.

'ಉಪವಾಸ ಕೆಡವಿದರೆ?'
ಸಾಯುತ್ತವೆ.
'ಮತ್ತೆ ಯಾಕೆ ಉಣಿಸುತ್ತೀ?'

ಕಿಟಕಿಯಾಚೆ ಎಮಾಯೊಗಿ ನದಿ ಹೆಪ್ಪುಗಟ್ಟಿತ್ತು.
ಮೇಲೆ ಒಬ್ಬ ನಾಯಿಯ ಜೊತೆ ನಡೆಯುತ್ತಿದ್ದ.
ನಾನು ಏನೋ ಹೇಳಿದೆ, ಮುಂದೆ ಬರುವ ರೋಗಿಗಳು ಎಂದೇನೋ;
ನನ್ನ ರಷ್ಯನ್ ಅಲ್ಲಿಯವರೆಗೆ ಹೋಗಲಿಲ್ಲ.
ಅವಳು ಕೈಗವಸು ಹಾಕಿಕೊಳ್ಳುತ್ತಾ
ನನ್ನ ಕಡೆ ನೋಡದೆ ಅಂದಳು:
'ಬಿಸಿ ಮಾಡಿಯೇ ಕೊಡು. ತಣ್ಣಗಿನದು ಅವನಿಗೆ ಆಗುತ್ತಿರಲಿಲ್ಲ.'

ಇವತ್ತು ಫೆಬ್ರುವರಿಯ ಎರಡನೇ ಭಾನುವಾರ.
ಚಹಾ ಕುಡಿಯುವ ಕೋಣೆಯ ಮೊಳೆಗೆ ತೂಗಿದ ಈರುಳ್ಳಿ
ಯಾರೂ ನೀರು ಹಾಕದಿದ್ದರೂ ಚಿಗುರಿದೆ.
ಚಿಗುರು ಕತ್ತರಿಸಿ ಮೊಟ್ಟೆಯ ಮೇಲೆ ಉದುರಿಸಿ ತಿಂದೆ.
ಖಾರವಿತ್ತು.
ಹಳೆಯ ನೀರು ಹೀರಿ ತೆಗೆದೆ,
ಹೊಸತನ್ನು ಬಿಸಿ ಮಾಡಿ ಹನಿ ಹನಿ ಬಿಟ್ಟೆ.
ಹೋದ ವಾರದ ಔಷಧದಲ್ಲಿ ನೂರಕ್ಕೆ ತೊಂಬತ್ತು ಸತ್ತಿದ್ದವು;
ಉಳಿದವು ಎರಡಾಗಲು ಶುರುಮಾಡಿವೆ.
ದಾಖಲೆ ಪುಸ್ತಕ ತೆರೆದೆ:

ಹದಿನೇಳು. ಉಣಿಸಿದೆ. ಚೆನ್ನಾಗಿದ್ದಾನೆ.

ಕೊನೆಯ ಪದ ಹೊಡೆದುಹಾಕಿ
ತಿದ್ದಿ ಬರೆದೆ.